ಸದ್ದಿಲ್ಲದೆ ತಿರುಗಬೇಕಾದ ಹನ್ನೆರಡು ಅಡಿ

ನಮ್ಮದು ಸಣ್ಣ ತಂಡ. ಆರು ಜನ ನಟರು, ನೇಪಥ್ಯಕ್ಕೆ ಮೂರು ಜನ. ಹವ್ಯಾಸ ಅಲ್ಲ, ಹೊಟ್ಟೆಪಾಡೇ ಇದು. ಆಡುವುದು ಈಗಿನವರು ಬರೆದ ನಾಟಕಗಳನ್ನು. ಈಗಿನವರಿಗೆ ಒಂದು ಅಭ್ಯಾಸ ಇದೆ. ಅಡುಗೆಮನೆಯಲ್ಲಿ ಮಾತಾಡುತ್ತಿದ್ದ ಪಾತ್ರವನ್ನು ಮುಂದಿನ ಸಾಲಿನಲ್ಲಿ ಆಫೀಸಿನೊಳಗೆ ನಿಲ್ಲಿಸಿಬಿಡುತ್ತಾರೆ. ಕಾಗದದ ಮೇಲೆ ಅದಕ್ಕೆ ಅರ್ಧ ಸಾಲು ಸಾಕು. ಸೆಟ್ ಕಟ್ಟುವ ನನ್ನಂಥವನಿಗೆ ಒಂದು ತಿಂಗಳು ಬೇಕು.

ಈ ಸಲ ನಿರ್ದೇಶಕಿ ಮೊದಲ ಓದಿನ ದಿನವೇ ಹೇಳಿಬಿಟ್ಟರು. "ದೀಪ ಆರಿಸೋ ಬ್ಲಾಕ್‌ಔಟ್ ಬೇಡ. ಸಂಗೀತಾನೂ ಬೇಡ. ಅವಳು ಮೇಜಿನ ಹತ್ರ ಕೂತಿರ್ತಾಳೆ, ಮನೆ ಹಾಗೇ ತಿರುಗ್ಬೇಕು. ಎದ್ದು ಬಾಗಿಲು ದಾಟಿದ್ರೆ ಆಫೀಸು. ಆ ಹತ್ತು ಸೆಕೆಂಡು ಜನಕ್ಕೆ ಏನೂ ಕೇಳಿಸ್ಬಾರ್ದು." ನಾಟಕದಲ್ಲಿ ಹೀಗೆ ನಾಲ್ಕು ಸಲ.

ಅಂದರೆ ತಿರುಗು ವೇದಿಕೆ. ನಡುವೆ ಒಂದು ಗೋಡೆ, ಗೋಡೆಯ ಈ ಕಡೆ ಅಡುಗೆಮನೆ, ಆ ಕಡೆ ಆಫೀಸು. ಹೊಸ ಯೋಚನೆ ಏನಲ್ಲ. 1758ರಲ್ಲಿ ಜಪಾನಿನ ಒಸಾಕಾದಲ್ಲಿ ನಮಿಕಿ ಶೋಜೋ ಎಂಬ ಕಬುಕಿ (ಅಲ್ಲಿನ ಸಾಂಪ್ರದಾಯಿಕ ರಂಗಭೂಮಿ) ನಾಟಕಕಾರ ಇದನ್ನು ಮಾಡಿಸಿದ್ದ. ಅಲ್ಲಿ ವೇದಿಕೆಯ ಅಡಿಯಲ್ಲಿ ನಿಂತ ಆಳುಗಳು ತಳ್ಳುತ್ತಿದ್ದರು. ಆ ಜಾಗಕ್ಕೆ ಜಪಾನಿಯಲ್ಲಿ ನರಕ ಅನ್ನುವ ಅರ್ಥದ ಹೆಸರೇ ಇದೆ. 1896ರಲ್ಲಿ ಮ್ಯೂನಿಕ್‌ನಲ್ಲಿ ಕಾರ್ಲ್ ಲೌಟೆನ್‌ಶ್ಲೇಗರ್ ವಿದ್ಯುತ್ತಿನಿಂದ ತಿರುಗಿಸಿದ. ನಾವು ಜಪಾನಿನ ದಾರಿ ಹಿಡಿದೆವು. ಮೋಟರಿಗೆ ದುಡ್ಡಿಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ತಳ್ಳುವ ಮನುಷ್ಯನಿಗೆ ಕಿವಿ ಇರುತ್ತದೆ. ನಟಿ ಒಂದು ಉಸಿರು ಜಾಸ್ತಿ ತೆಗೆದುಕೊಂಡರೆ ಅವನೂ ಕಾಯುತ್ತಾನೆ.

ಮೊದಲ ವಾರ

ಅಳತೆ 12 ಅಡಿ ವ್ಯಾಸ. ಇನ್ನೂ ದೊಡ್ಡದು ಮಾಡಿದರೆ ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ನಿಲ್ಲಲೂ ಜಾಗ ಇರುವುದಿಲ್ಲ. ಕೆಳಗಿನ ಪದರ 12 ಮಿ.ಮೀ ಪ್ಲೈವುಡ್, ಮೇಲಿನದು 18 ಮಿ.ಮೀ. ಎಂಟಕ್ಕೆ ನಾಲ್ಕರ ಹಾಳೆ, ಪದರಕ್ಕೆ ಐದರಂತೆ ಹತ್ತು. ಮೇಲಿನ ಪದರವನ್ನು ಕೆಳಗಿನದಕ್ಕೆ ಅಡ್ಡಡ್ಡ ಕೂರಿಸಿದೆವು. ಆಗ ಎರಡೂ ಪದರದ ಜೋಡಣೆಗಳು ಒಂದೇ ಗೆರೆಯಲ್ಲಿ ಬರುವುದಿಲ್ಲ. ಅಂಟು ಹಾಕಲಿಲ್ಲ, ಬರೀ ಸ್ಕ್ರೂ. ಊರೂರಿಗೆ ಹೋಗುವ ನಾಟಕ, ಬಿಚ್ಚಿ ಬಾಗಿಲಲ್ಲಿ ತೂರಿಸಬೇಕಲ್ವಾ.

ಅಷ್ಟಕ್ಕೇ ತೂಕ ಸುಮಾರು 190 ಕೆ.ಜಿ. ಅದರ ಮೇಲೆ ಗೋಡೆ, ಮೇಜು, ಫ್ರಿಜ್ಜು, ಇಬ್ಬರು ನಟರು.

ಕೆಳಗೆ 4 ಇಂಚಿನ 24 ಚಕ್ರ. ಹೊರಗಿನ ಸುತ್ತಿನಲ್ಲಿ 16, ಒಳಗಿನ ಸುತ್ತಿನಲ್ಲಿ 8. ಎಲ್ಲವೂ ಫಿಕ್ಸ್ ಚಕ್ರ. ಟೀ ಟ್ರಾಲಿಗೆ ಇರುವಂಥ, ಎತ್ತ ಬೇಕಾದರೂ ಹೊರಳುವ ಚಕ್ರ ಇಲ್ಲಿ ಬೇಡ. ವೇದಿಕೆಯನ್ನು ಹಿಂದಕ್ಕೆ ತಿರುಗಿಸುವಾಗ ಅಂಥ ಚಕ್ರ ಮೊದಲು ತಾನು ಅರ್ಧ ಸುತ್ತು ಹೊರಳಿ ಆಮೇಲೆ ಓಡುತ್ತದೆ. ಆ ಹೊರಳಾಟಕ್ಕೆ ಇಡೀ ಸೆಟ್ ಒಂದು ಸಲ ಜರ್ಕ್ ಹೊಡೆಯುತ್ತದೆ. ಇದನ್ನು ಹಿಂದಿನ ನಾಟಕದ ಒಂದು ಗಾಡಿಯಲ್ಲಿ ಅನುಭವಿಸಿದ್ದೆ. ಆಗ ಮೇಲಿದ್ದ ಹೂದಾನಿ ಬಿದ್ದಿತ್ತು.

ನಡುವೆ 2 ಇಂಚಿನ ಕಬ್ಬಿಣದ ಪೈಪು. ಅದು ಭಾರ ಹೊರುವುದಿಲ್ಲ. ವೇದಿಕೆ ಆಚೀಚೆ ಜಾರದಂತೆ ಹಿಡಿಯುವುದಷ್ಟೇ ಅದರ ಕೆಲಸ.

ಮೂರು ದಿನದಲ್ಲಿ ಎಲ್ಲ ಜೋಡಿಸಿ ತಳ್ಳಿದೆವು. ತಿರುಗಿತು! ಎಲ್ಲರೂ ಮೇಲೆ ಹತ್ತಿ ಮಕ್ಕಳ ಹಾಗೆ ಎರಡು ಸುತ್ತು ಹಾಕಿದರು. ನಾನು ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತೆ. ಲಾರಿ ಬಂದಂತೆ ಕೇಳಿಸಿತು.

ರಬ್ಬರ್ ಚಕ್ರದ ಕತೆ

ಮೊದಲು ತಂದದ್ದು ಮೆತ್ತನೆಯ ರಬ್ಬರ್ ಚಕ್ರ. ಮೆತ್ತಗಿದ್ದರೆ ಸದ್ದು ಕಡಿಮೆ ಅಂತ ಲೆಕ್ಕ. ಲೆಕ್ಕ ಸರಿಯೇ. ಆದರೆ ಶನಿವಾರ ಸಂಜೆ ಗೋಡೆ, ಮೇಜು ಎಲ್ಲ ಮೇಲೆ ಹೊರಿಸಿ ಮನೆಗೆ ಹೋದೆವು. ಸೋಮವಾರ ಬಂದು ತಳ್ಳಿದರೆ ಟುಕ್, ಟುಕ್, ಟುಕ್. ಒಂದು ಚಕ್ರ ಬಿಚ್ಚಿ ಬೆರಳಾಡಿಸಿದೆ. ಒಂದು ಕಡೆ ಚಪ್ಪಟೆ. ಎರಡು ದಿನ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತ ರಬ್ಬರ್ ಕುಸಿದುಹೋಗಿತ್ತು. ಸ್ವಲ್ಪ ಹೊತ್ತು ಓಡಿಸಿದರೆ ಕೆಲವು ಸರಿಹೋದವು, ಕೆಲವು ಆಗಲಿಲ್ಲ.

ನೈಲಾನ್ ಚಕ್ರ ಹಾಕಿದರೆ ಹಗುರಾಗಿ ತಿರುಗುತ್ತದೆ, ಚಪ್ಪಟೆಯಾಗುವುದಿಲ್ಲ. ಆದರೆ ಗಟ್ಟಿ ನೆಲದ ಮೇಲೆ ಕಲ್ಲು ಉರುಳಿಸಿದ ಸದ್ದು. ಕೊನೆಗೆ ನಡುವಿನದು, ಪಾಲಿಯುರೆಥೇನ್, ಬಾಲ್ ಬೇರಿಂಗ್ ಇರುವುದು. 24 ಚಕ್ರವನ್ನೂ ಬದಲಾಯಿಸಿದೆವು. ತಂಡದ ಲೆಕ್ಕಪತ್ರ ನೋಡಿಕೊಳ್ಳುವವರು ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ಸದ್ದು ಕಡಿಮೆಯಾಯಿತು. ಲಾರಿ ಹೋಗಿ ಆಟೋ ಆಯಿತು. ನಟಿ ಮೇಜಿನ ಮುಂದೆ ಕೂತು ಆ ಭಾಗ ಮಾಡಿ ನೋಡಿದರು. ಮುಗಿದ ಮೇಲೆ ಮೆಲ್ಲಗೆ ಅಂದರು, "ಅಣ್ಣಾ, ನಾನು ಸುಮ್ನಿದ್ರೂ ನೆಲ ಮಾತಾಡ್ತಾ ಇರತ್ತೆ."

ಅದು ನಾಟಿತು.

ತಪ್ಪು ಎಲ್ಲಿದೆ ಅಂತ ಹುಡುಕಿದ್ದು

ಒಂದು ಮಧ್ಯಾಹ್ನ ಎಲ್ಲರನ್ನೂ ಊಟಕ್ಕೆ ಕಳಿಸಿ, ಮೊಬೈಲನ್ನು ವೇದಿಕೆಯ ಅಂಚಿನ ಹತ್ತಿರ ನೆಲದ ಮೇಲಿಟ್ಟು ರೆಕಾರ್ಡಿಂಗ್ ಹಾಕಿದೆ. ಒಬ್ಬನೇ ಮೆಲ್ಲಗೆ ತಳ್ಳಿದೆ. ಆಮೇಲೆ ಹೆಡ್‌ಫೋನ್ ಹಾಕಿ ಕೇಳಿದೆ. ಒಂದೇ ಸದ್ದು ಅಂದುಕೊಂಡಿದ್ದೆ. ಅದರಲ್ಲಿ ಮೂರು ಇದ್ದವು.

ಒಂದು, ಗುಡುಗುಡು. ಇದು ನೆಲದ್ದು. ರಂಗದ ನೆಲ ಅಂದರೆ ಮರದ ಹಲಗೆ, ಅದರ ಕೆಳಗೆ ಟೊಳ್ಳು. ತಮಟೆ ಬೇರೆ ಅಲ್ಲ, ಇದು ಬೇರೆ ಅಲ್ಲ. 24 ಚಕ್ರ ಹಲಗೆಯ ಪ್ರತಿ ಜೋಡಣೆಯನ್ನೂ ದಾಟುವಾಗ ಒಂದೊಂದು ಏಟು ಬೀಳುತ್ತಿತ್ತು. ಸಾಲದ್ದಕ್ಕೆ ಎಡಗಡೆ ನೆಲ 5 ಮಿ.ಮೀ ತಗ್ಗು. ಅಲ್ಲಿಗೆ ಬಂದ ಚಕ್ರ ಗಾಳಿಯಲ್ಲಿ ತೇಲುತ್ತಿತ್ತು, ತಗ್ಗು ದಾಟಿದ ಕೂಡಲೇ ಧಪ್ ಅಂತ ಕೂರುತ್ತಿತ್ತು.

ಎರಡು, ಕಿರ್ ಕಿರ್. ಇದು ಚಕ್ರದ್ದು.

ಮೂರನೆಯದು ಕೀಂಯ್ ಅನ್ನುವ ಎಳೆತ, ಅರ್ಧ ಸುತ್ತಿಗೆ ಒಂದೇ ಸಲ. ನಡುವಿನ ಪೈಪಿಗೆ ಪ್ಲೈವುಡ್ ಉಜ್ಜುತ್ತಿತ್ತು. ಅದು ಸುಲಭ. ಲೇತ್‌ನವರ ಹತ್ತಿರ ಪೈಪಿನ ಸುತ್ತ ಕೂರುವ ನೈಲಾನ್ ಬಳೆ, ಬುಶ್, ಮಾಡಿಸಿ ತಂದು ಕೂರಿಸಿದೆ. ಸ್ವಲ್ಪ ಸಿಲಿಕೋನ್ ಗ್ರೀಸ್. ಮುಗಿಯಿತು.

ನೆಲದ ಸದ್ದಿಗೆ ಮಾತ್ರ ದಾರಿ ಕಾಣಲಿಲ್ಲ. ನೆಲದ ಮೇಲೆ ರಬ್ಬರ್ ಮ್ಯಾಟ್ ಹಾಸಿ ನೋಡಿದೆ. ಸದ್ದು ಇಳಿಯಿತು, ಆದರೆ ಚಕ್ರ ಮ್ಯಾಟಿನಲ್ಲಿ ಹೂತು ತಳ್ಳಲು ಇಬ್ಬರು ಸಾಲದಾದರು. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಅಂಚಿಗೆ ಸಿಕ್ಕಿಸಿ ಎಳೆದು ನೋಡಿದೆ. ಬರೀ ನೆಲದ ಮೇಲೆ 19 ಕೆ.ಜಿ ತೋರಿಸುತ್ತಿದ್ದದ್ದು ಮ್ಯಾಟ್ ಮೇಲೆ 31ಕ್ಕೆ ಹೋಯಿತು.

ನಮ್ಮ ಹಿರಿಯ ಬಡಗಿ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಒಂದು ಚಕ್ರ ಕೈಗೆ ತೆಗೆದುಕೊಂಡು ಬೋರಲು ಹಿಡಿದರು. "ಚಕ್ರ ಯಾಕಪ್ಪಾ ಓಡ್ಬೇಕು? ನಿಂತ ಜಾಗದಲ್ಲೇ ನಿಂತು ತಿರುಗ್ಲಿ. ಹಲಗೆ ಓಡ್ಲಿ."

ಗಾಡಿ ಅಂದರೆ ಚಕ್ರ ಗಾಡಿಗೇ ಇರಬೇಕು ಅಂತ ನನ್ನ ತಲೆಯಲ್ಲಿ ಕೂತಿತ್ತು. ಚಕ್ರವನ್ನು ನೆಲಕ್ಕೆ ಬಿಗಿದು, ಮುಖ ಮೇಲೆ ಮಾಡಿ, ಅದರ ಮೇಲೆ ವೇದಿಕೆಯ ದುಂಡು ಹಲಗೆ ಇಟ್ಟರೆ? ಚಕ್ರ ನೆಲದ ಮೇಲೆ ಸಾಗುವುದೇ ಇಲ್ಲ. ನೆಲದ ಜೋಡಣೆಯ ಗೊಡವೆ ಇಲ್ಲ. ನೆಲ ಎಲ್ಲಿ ತಗ್ಗಿದೆಯೋ ಆ ಚಕ್ರದ ಅಡಿಗೆ ಒಂದು ಸಲ ತೆಳು ಚೂರಿನ ಪ್ಯಾಕಿಂಗ್ ಕೊಟ್ಟರೆ ಆಯಿತು. ಮ್ಯಾಟನ್ನೂ ಚಕ್ರದ ಪೀಠದ ಅಡಿಗೆ ಹಾಕಬಹುದು. ಅಲ್ಲಿ ಅದು ಸದ್ದನ್ನು ಮಾತ್ರ ತಡೆಯುತ್ತದೆ, ತಳ್ಳುವವನನ್ನು ತಡೆಯುವುದಿಲ್ಲ.

ಎಲ್ಲ ಬಿಚ್ಚಿದೆವು. ಉದ್ಘಾಟನಾ ಪ್ರದರ್ಶನಕ್ಕೆ 16 ದಿನ ಇತ್ತು.

ತಲೆಕೆಳಗು

18 ಮಿ.ಮೀ ಪ್ಲೈವುಡ್ಡಿನಲ್ಲಿ ಎಂಟು ಕಡ್ಡಿ ಕತ್ತರಿಸಿದೆವು, ಸೈಕಲ್ ಗಾಲಿಯ ಕಡ್ಡಿಗಳ ಹಾಗೆ. ಒಂದೊಂದು ಕಡ್ಡಿಯ ಮೇಲೆ ಒಳಗೊಂದು ಚಕ್ರ, ಹೊರಗೆರಡು. ಹೊರಗಿನ ಎರಡಕ್ಕೆ ಕಡ್ಡಿಯ ತುದಿಯನ್ನು ಟಿ ಆಕಾರಕ್ಕೆ ಅಗಲ ಮಾಡಿದೆವು. ಕಡ್ಡಿಗಳ ಅಡಿಗೆ 6 ಮಿ.ಮೀ ರಬ್ಬರ್ ಮ್ಯಾಟ್.

ಈಗ ಕಿರ್ ಕಿರ್ ಸದ್ದು. ಅದರ ಕಾರಣ ಇಷ್ಟೇ. ಚಕ್ರದ ಅಚ್ಚು ನೇರ ನಡುವಿನ ಪೈಪಿನ ಕಡೆ ಮುಖ ಮಾಡಿರಬೇಕು. ಒಂದೆರಡು ಡಿಗ್ರಿ ವಾಲಿದರೂ ಚಕ್ರ ಉರುಳುವುದರ ಜೊತೆಗೆ ಅಡ್ಡಕ್ಕೂ ಉಜ್ಜುತ್ತದೆ. ಮೊದಲ ಸಲ ಕಣ್ಣಳತೆಯಲ್ಲಿ ಕೂರಿಸಿದ್ದೆ. ಈ ಸಲ ಪೈಪಿನ ನಡುಮಧ್ಯಕ್ಕೆ ಒಂದು ಮೊಳೆ, ಮೊಳೆಗೆ ದಾರ. ದಾರವನ್ನು ಬಿಗಿಯಾಗಿ ಎಳೆದು ಅಚ್ಚಿನ ಬೋಲ್ಟಿನ ನೆತ್ತಿಗೆ ಹಿಡಿಯುವುದು. ಬೋಲ್ಟಿನ ಎರಡು ತುದಿಯೂ ದಾರದ ಕೆಳಗೆ ಬಂದರೆ ಮಾತ್ರ ಸ್ಕ್ರೂ.

ಸರಿಯಾಗಿದೆಯಾ ಅಂತ ನೋಡಲು ಸೀಮೆಸುಣ್ಣ. ಚಕ್ರದ ಮೈಗೆ ನೀಲಿ ಸುಣ್ಣ ಬಳಿದು, ಹಲಗೆಯನ್ನು ಮೇಲಿಟ್ಟು ಒಂದು ಗೇಣು ತಿರುಗಿಸಿ, ಆ ಕಡೆ ಅಂಚನ್ನು ಸನ್ನೆಗೋಲಿನಿಂದ ಎತ್ತಿ ಟಾರ್ಚ್ ಹಾಕಿದೆವು. ಸರಿ ಕೂತ ಚಕ್ರ ಪೆನ್ಸಿಲಿನಲ್ಲಿ ಎಳೆದಂತೆ ಸಣ್ಣ ಗೆರೆ ಬಿಟ್ಟಿತ್ತು. ವಾಲಿದ ಚಕ್ರದ ಗೆರೆ ಬೆರಳಿನಲ್ಲಿ ಒರೆಸಿದಂತೆ ಅಗಲ. 24ರಲ್ಲಿ 7 ಒರೆಸಿದ್ದವು. ಏಳನ್ನೂ ಸಡಿಲ ಮಾಡಿ ಮತ್ತೆ ಕೂರಿಸಿದೆವು. ಎರಡನೇ ಸಲ 2. ಮೂರನೇ ಸಲ ಎಲ್ಲವೂ ಪೆನ್ಸಿಲ್ ಗೆರೆ.

ಮಟ್ಟ ನೋಡಿದ್ದು ನೀರಿನ ಟ್ಯೂಬಿನಿಂದ. ಲೇಸರ್ ಇತ್ತು, ಆದರೆ ಅದರ ಗೆರೆಯೇ 2 ಮಿ.ಮೀ ದಪ್ಪ. ನೀರು ಸುಳ್ಳು ಹೇಳುವುದಿಲ್ಲ, ಟ್ಯೂಬಿನಲ್ಲಿ ಗಾಳಿಗುಳ್ಳೆ ಇರಬಾರದಷ್ಟೇ. ಎಡಗಡೆ ತಗ್ಗಿಗೆ ಹಾರ್ಡ್‌ಬೋರ್ಡ್ ಚೂರು, ಉಳಿದ ಕಡೆ ಹಳೆ ಪ್ಲಾಸ್ಟಿಕ್ ಫೈಲು ಕತ್ತರಿಸಿ ಪ್ಯಾಕಿಂಗ್. ಚಕ್ರಗಳ ನೆತ್ತಿಗಳೆಲ್ಲ ಒಂದು ಮಿ.ಮೀ ಒಳಗೆ ಬಂದವು.

ಒಂದು ತಾಪತ್ರಯ ಉಳಿದಿತ್ತು. ನೆಲದ ಜೋಡಣೆಯಿಂದ ತಪ್ಪಿಸಿಕೊಂಡೆವು, ಈಗ ಹಲಗೆಯ ಅಡಿಮೈಯ ಜೋಡಣೆಗಳು ಚಕ್ರದ ಮೇಲೆ ಹಾಯುತ್ತವೆ. ಅದಕ್ಕೆ ಚಕ್ರ ಓಡುವ ದಾರಿಯಲ್ಲಿ 6 ಇಂಚು ಅಗಲದ 3 ಮಿ.ಮೀ ಹಾರ್ಡ್‌ಬೋರ್ಡ್ ಬಳೆ ಅಂಟಿಸಿದೆವು. ಅಂಟು ಹಾಕಿದ್ದು ಇಲ್ಲಿ ಮಾತ್ರ. ಬಳೆಯನ್ನೂ ತುಂಡು ತುಂಡಾಗಿಯೇ ಮಾಡಬೇಕು, ಅದಕ್ಕೂ ಜೋಡಣೆ ಇದೆ. ಆದರೆ ಆ ಜೋಡಣೆಯನ್ನು ಅಡ್ಡ ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದೆವು. ನೇರ ಇದ್ದರೆ ಚಕ್ರದ ಇಡೀ ಅಗಲ ಒಟ್ಟಿಗೆ ಸಂದಿಗೆ ಬಿದ್ದು ಏಳುತ್ತದೆ. ಓರೆ ಇದ್ದರೆ ಒಂದು ಅಂಚು ದಾಟುವಾಗ ಇನ್ನೊಂದು ಅಂಚು ಇನ್ನೂ ಗಟ್ಟಿ ಜಾಗದ ಮೇಲೆ ಇರುತ್ತದೆ. ಹಾರ್ಡ್‌ಬೋರ್ಡಿನ ತುಂಡುಗಳು ಹಲಗೆಯ ತುಂಡುಗಳಿಗೇ ಸೇರಿಕೊಂಡಿರಬೇಕು, ಇಲ್ಲದಿದ್ದರೆ ಬಿಚ್ಚಲು ಆಗುವುದಿಲ್ಲ. ಹಾಗಾಗಿ ಹಲಗೆಯ ಅಂಚಿನಿಂದ ಚೂರು ಹೊರಗೆ ನಾಲಿಗೆ ಚಾಚಿದಂತೆ ಬಿಟ್ಟೆವು. ಸಾಗಿಸುವಾಗ ಮುರಿಯುವುದು ಇವೇ. ಡಬ್ಬಿಯಲ್ಲಿ ಬಿಡಿ ತುಂಡುಗಳನ್ನು ಇಟ್ಟುಕೊಂಡಿದ್ದೇನೆ.

ಅಂಚು

ಮೊದಲ ಸಲ ವೃತ್ತವನ್ನು ಜಿಗ್‌ಸಾ ಗರಗಸದಲ್ಲಿ ಕತ್ತರಿಸಿದ್ದೆವು. ಕಣ್ಣಿಗೆ ದುಂಡಗೆ ಕಾಣುತ್ತಿತ್ತು. ತಿರುಗಿಸಿದರೆ ಅಂಚಿಗೂ ಸುತ್ತಲಿನ ತಿರುಗದ ಕಟ್ಟೆಗೂ ನಡುವೆ ಒಂದು ಕಡೆ ಸಂದು 4 ಮಿ.ಮೀ, ಇನ್ನೊಂದು ಕಡೆ 15. ನಟಿಯ ಚಪ್ಪಲಿಯ ಹಿಮ್ಮಡಿ ಚೂಪು. 15 ಮಿ.ಮೀ ಸಂದಿಯಲ್ಲಿ ಅದು ಸಿಕ್ಕಿಕೊಂಡರೆ ಕಾಲು ಮುರಿಯುತ್ತದೆ.

ಇಲ್ಲಿ ಮಾಡಿದ ಕೆಲಸ ನನಗೆ ಇಡೀ ಪ್ರಾಜೆಕ್ಟಿನಲ್ಲೇ ತುಂಬಾ ಖುಷಿ ಕೊಟ್ಟದ್ದು. ರೌಟರನ್ನು, ಅಂದರೆ ಮರ ಕೊರೆಯುವ ವಿದ್ಯುತ್ ಯಂತ್ರವನ್ನು, ಕೈಯಲ್ಲಿ ಹಿಡಿದು ವೃತ್ತದ ಸುತ್ತ ಓಡಾಡಲಿಲ್ಲ. ರೌಟರನ್ನು ಒಂದು ಭಾರದ ಪೀಠಕ್ಕೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿದೆವು, ವೇದಿಕೆಯನ್ನೇ ತಿರುಗಿಸಿದೆವು. ಕುಂಬಾರ ಮಡಕೆ ಮಾಡುವ ಹಾಗೆ. ಒಂದು ಸುತ್ತಿಗೆ 4 ಮಿ.ಮೀ ಆಳ, ಒಟ್ಟು ಎಂಟು ಸುತ್ತು. ಬ್ಲೇಡು ತಿರುಗುವ ದಿಕ್ಕಿಗೆ ಎದುರಾಗಿಯೇ ಹಲಗೆ ಬರಬೇಕು. ಅದೇ ದಿಕ್ಕಿನಲ್ಲಿ ಬಂದರೆ ಬ್ಲೇಡು ಹಲಗೆಯನ್ನು ಕಿತ್ತು ಎಳೆದುಕೊಳ್ಳುತ್ತದೆ. ಎಂಟನೇ ಸುತ್ತು ಮುಗಿದಾಗ ಅಂಚಿನಿಂದ ಉಂಗುರದ ಹಾಗೆ ಸಣ್ಣ ಪಟ್ಟಿ ಕಳಚಿ ಬಿತ್ತು. ಪೈಪಿನಿಂದ ಅಂಚಿಗೆ ಎಲ್ಲಿ ಅಳೆದರೂ ಒಂದೇ ಅಳತೆ. ಸುತ್ತಲಿನ ಕಟ್ಟೆಯನ್ನು 6 ಮಿ.ಮೀ ಸಂದು ಬಿಟ್ಟು ಕೂರಿಸಿದೆವು. ಎತ್ತರ ಎರಡಕ್ಕೂ ಒಂದೇ, ಏಳು ಇಂಚು ಚಿಲ್ಲರೆ.

ತಕ್ಕಡಿ ಹಾಕಿ ಎಳೆದೆ. 11 ಕೆ.ಜಿ. ಅದೂ ಗೋಡೆ, ಮೇಜು ಎಲ್ಲ ಮೇಲಿದ್ದಾಗ. ಫ್ರಿಜ್ಜಿನ ಹೊಟ್ಟೆಯಲ್ಲಿದ್ದ ಕಂಪ್ರೆಸರ್ ತೆಗೆದುಹಾಕಿದ್ದೂ ಸ್ವಲ್ಪ ಸಹಾಯ ಮಾಡಿರಬೇಕು.

ತಳ್ಳುವುದು, ನಿಲ್ಲಿಸುವುದು

ಹಿಂಭಾಗದ ಅಂಚಿನಲ್ಲಿ ಪ್ರೇಕ್ಷಕರಿಗೆ ಕಾಣದ ಕಡೆ ತೂತು ಕೊರೆದು ಒಂದು ಕಬ್ಬಿಣದ ಸರಳು ಸಿಕ್ಕಿಸಿ ತಳ್ಳುತ್ತೇನೆ. ಅರ್ಧ ಸುತ್ತಿಗೆ ಎರಡು ತೂತು, ಒಂದರಿಂದ ಇನ್ನೊಂದಕ್ಕೆ ಸರಳು ಬದಲಾಯಿಸಬೇಕು. ಸರಳಿನ ತುದಿಗೆ ಸೈಕಲ್ ಟ್ಯೂಬ್ ಸುತ್ತಿದ್ದೇನೆ, ಇಲ್ಲದಿದ್ದರೆ ಠಣ್ ಅನ್ನುತ್ತದೆ.

ಹತ್ತು ಸೆಕೆಂಡಿಗೆ ಅರ್ಧ ಸುತ್ತು ಅಂದರೆ ಅಂಚು ಐದೂಮುಕ್ಕಾಲು ಮೀಟರ್ ಸಾಗಬೇಕು. ನಿಧಾನ ನಡಿಗೆ ಅಷ್ಟೇ. ಆದರೆ ಶುರುವಾಗುವಾಗ ಒಮ್ಮೆಲೇ ತಳ್ಳಿದರೆ ಕೂತ ನಟಿಯ ತಲೆ ಹಿಂದಕ್ಕೆ ಹೋಗುತ್ತದೆ, ಗ್ಲಾಸಿನ ನೀರು ಚೆಲ್ಲುತ್ತದೆ. ಮೊದಲ ಎರಡು ಸೆಕೆಂಡು ಬರೀ ಮೈಭಾರ ಕೊಟ್ಟು ನಿಲ್ಲಬೇಕು. ಅದು ತಾನಾಗಿ ಏಳುತ್ತದೆ. ನಿಲ್ಲಿಸುವುದು ಇನ್ನೂ ಕಷ್ಟ. ಮುಕ್ಕಾಲು ಟನ್ನಿಗೆ ಹತ್ತಿರದ ಭಾರ ಹೇಳಿದ ಕೂಡಲೇ ನಿಲ್ಲುವುದಿಲ್ಲ. ಏಳನೇ ಸೆಕೆಂಡಿಗೆ ತಳ್ಳುವುದು ಬಿಟ್ಟು ಹಿಂದಕ್ಕೆ ಎಳೆಯಲು ಶುರು. ಕತ್ತಲಲ್ಲಿ ಮಿಣುಗುವ ಟೇಪಿನ ಎರಡು ಗುರುತು ಒಂದಾದಾಗ ಒಂದು ಮರದ ಬೆಣೆಯನ್ನು ಸಂದಿಗೆ ಇಳಿಬಿಡುತ್ತೇನೆ. ಬೆಣೆಗೆ ಫೆಲ್ಟ್ ಹೊದಿಸಿದೆ. ಟವರ್ ಬೋಲ್ಟ್ ಹಾಕಿ ನೋಡಿದ್ದೆ, ಅದರ ಟಕ್ ಸದ್ದು ಕೊನೆ ಸಾಲಿಗೂ ಕೇಳಿಸಿತು.

ಅಡುಗೆಮನೆಯ ದೀಪಕ್ಕೆ ವೈರು ನಡುವಿನ ಪೈಪಿನೊಳಗಿಂದ ಬರುತ್ತದೆ, ಒಂದು ಸುತ್ತಿನಷ್ಟು ಸಡಿಲ ಬಿಟ್ಟಿದೆ. ಹೋದ ದಾರಿಯಲ್ಲೇ ವಾಪಸು ತಿರುಗಿಸಬೇಕು ಅನ್ನುವುದು ನಿಯಮ. ಗ್ರ್ಯಾಂಡ್ ರಿಹರ್ಸಲ್ ದಿನ ನಾನೇ ಮರೆತೆ. ಎರಡನೇ ಸಲವೂ ಅದೇ ದಿಕ್ಕಿಗೆ ತಳ್ಳಿದೆ, ಮೂರನೇ ಸಲವೂ. ಅಂಕ ಮುಗಿಯುವಷ್ಟರಲ್ಲಿ ದೀಪ ಆರಿತು. ನಿರ್ದೇಶಕಿ ಅದನ್ನು ಬೆಳಕಿನವರ ಹೊಸ ಐಡಿಯಾ ಅಂದುಕೊಂಡು ಚೆನ್ನಾಗಿದೆ ಅಂದರು. ನಾನು ತುಟಿ ಬಿಚ್ಚಲಿಲ್ಲ. ಮರುದಿನ ಕೂತಲ್ಲೇ ಕಾಣುವಂತೆ ಎರಡು ಬಾಣ ಅಂಟಿಸಿಕೊಂಡೆ.

ಹನ್ನೆರಡು ಪ್ರದರ್ಶನ ಆದ ಮೇಲೆ

ಮೊದಲ ಪ್ರದರ್ಶನದಲ್ಲಿ 90 ಜನ. ಮುಂದಿನ ಸಾಲಿಗೂ ವೇದಿಕೆಗೂ ಎರಡೇ ಮೀಟರ್. ಮನೆ ತಿರುಗಿತು. ಯಾರೋ ಸೀರೆ ಸರಿಮಾಡಿಕೊಂಡದ್ದು ಹಿಂದೆ ನಿಂತ ನನಗೆ ಕೇಳಿಸಿತು. ಆಮೇಲೆ ಬೆಣೆ ಇಳಿಸಲು ಕೂತಾಗ ಟಕ್ ಅಂತ ಒಂದು ಸದ್ದು. ಎದೆ ಧಸಕ್ಕೆಂದಿತು. ಅದು ನನ್ನ ಮೊಣಕಾಲು. ಈಗ ಕೂರುವುದಿಲ್ಲ, ಮೊದಲೇ ಮಂಡಿಯೂರಿ ಕಾಯುತ್ತೇನೆ.

ಬಿಚ್ಚಲು ಮೂರು ಗಂಟೆ, ಜೋಡಿಸಲು ಐದು. ತುಂಡುಗಳಿಗೆಲ್ಲ ಅಡಿಯಲ್ಲಿ ನಂಬರ್ ಬರೆದಿದೆ. ಚಕ್ರ 17 ಒಂಬತ್ತನೇ ಪ್ರದರ್ಶನದಲ್ಲಿ ಕೀಚಲು ಶುರುಮಾಡಿತು. ಬೇರಿಂಗಿಗೆ ಮರದ ಪುಡಿ ಹೋಗಿತ್ತು, ಬದಲಾಯಿಸಿದೆ. ಉಳಿದವು ಇನ್ನೂ ಗಟ್ಟಿ.

ಮುಂದಿನ ಸಭಾಂಗಣದ ನಕ್ಷೆ ನಿನ್ನೆ ಬಂತು. ಅಲ್ಲಿ ರಂಗದ ನೆಲವೇ ಪ್ರೇಕ್ಷಕರ ಕಡೆ ಇಳಿಜಾರು, 40ಕ್ಕೆ 1. ಹಾಗೇ ಇಟ್ಟರೆ ಫ್ರಿಜ್ಜಿರುವ ಭಾರದ ಕಡೆ ತಾನಾಗಿ ಕೆಳಕ್ಕೆ ಬಂದು ನಿಲ್ಲುತ್ತದೆ, ನಾಟಕ ಯಾವ ದೃಶ್ಯದಲ್ಲೇ ಇರಲಿ. 12 ಅಡಿಗೆ 9 ಸೆಂ.ಮೀ ವ್ಯತ್ಯಾಸ. ಪ್ಲಾಸ್ಟಿಕ್ ಫೈಲಿನ ಪ್ಯಾಕಿಂಗ್ ಸಾಲುವುದಿಲ್ಲ. ಎಂಟು ಕಡ್ಡಿಗೂ ಬೇರೆ ಬೇರೆ ಎತ್ತರದ ಬೆಣೆ ಬೇಕು. ಹಿರಿಯ ಬಡಗಿ ಆಗಲೇ ಒಂದನ್ನು ಗೀರಿ ಇಟ್ಟಿದ್ದಾರೆ.